ಎಳೆಯ ಮಕ್ಕಳೊಡನೆ ಕಾವೇರಿಯ ತಡಿಯಲ್ಲಿ

ಕೊಡಗಿಗೆ ಕಡಲಿಲ್ಲ. ಮರಳಿನಲ್ಲಿ ಆಡಬೇಕು, ನೀರಿನಲ್ಲಿ ಕಾಲಾಡಿಸಬೇಕು ಎಂದು ಮಕ್ಕಳು ಹಟ ಹಿಡಿದರೆ, ಘಟ್ಟವಿಳಿದು ಮಂಗಳೂರಿಗೋ ಕಣ್ಣಾನೂರಿಗೋ ಹೋಗಬೇಕು. ಆ ತಿರುವುಗಳಲ್ಲಿ ಅರ್ಧ ಮಕ್ಕಳು ವಾಂತಿ ಮಾಡಿಕೊಂಡು ಸೊರಗಿಹೋಗುತ್ತವೆ. ಆದುದರಿಂದ ನಮ್ಮ ಪಾಲಿನ ಕಡಲತಡಿಯೆಂದರೆ ಕಾವೇರಿಯ ದಡವೇ.

ಅದರಲ್ಲಿಯೂ ಎಳೆಯರಿಗೆ ಒಪ್ಪುವ ತಾಣ ಕಾವೇರಿ ನಿಸರ್ಗಧಾಮ. ಕುಶಾಲನಗರದಿಂದ ಮಡಿಕೇರಿಯ ದಾರಿಯಲ್ಲಿ ಎರಡು ಮೂರು ಕಿಲೋಮೀಟರು ಬಂದರೆ ಸಾಕು. ಇಲ್ಲಿ ಹೊಳೆ ಕವಲೊಡೆದು, ನಡುವೆ ಸುಮಾರು 64 ಎಕರೆ ನೆಲವನ್ನು ನಡುಗಡ್ಡೆಯಾಗಿ ಉಳಿಸಿದೆ. ತೂಗುಸೇತುವೆಯನ್ನು ದಾಟಿ ಹೋಗಬೇಕು. ಅದು ತೂಗಾಡಿದಷ್ಟೂ ಮಕ್ಕಳಿಗೆ ಹಿಗ್ಗು, ಅಜ್ಜಿಯರಿಗೆ ದಿಗಿಲು. ಆಚೆಗೆ ಬಿದಿರ ಮೆಳೆಗಳ ನೆರಳು, ಜಿಂಕೆ, ಮೊಲ. ಮೂರು ವರ್ಷದ ಮಗುವಿಗೆ ಮೊಲವೊಂದೇ ಅರ್ಧ ದಿನಕ್ಕೆ ಸಾಕು. ಹೊಳೆಯ ನೆನಪೇ ಬಾರದಿದ್ದರೂ ಆಶ್ಚರ್ಯವಿಲ್ಲ. ನೆನಪು ಬಾರದಿದ್ದರೆ ನಾವಾಗಿ ಮಾಡಿಕೊಡಬೇಕಾಗಿಯೂ ಇಲ್ಲ.

ಹೀಗೆ ಹೇಳುವುದಕ್ಕೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ, ನಿಸರ್ಗಧಾಮದಲ್ಲಲ್ಲ, ಬೇರೊಂದು ಹೊಳೆಯ ಕಡವಿನಲ್ಲಿ, ನಾಲ್ಕು ವರ್ಷದ ಮೊಮ್ಮಗಳನ್ನು ಬಂಡೆಯ ಮೇಲೆ ಕೂರಿಸಿ ನಾನು ಕಿತ್ತಳೆ ಸುಲಿಯುತ್ತಿದ್ದೆ. ನೀರು ಮೊಣಕಾಲಿಗೂ ಬಾರದಷ್ಟು, ಕನ್ನಡಿಯಂತೆ ನಿಂತಿತ್ತು. ಹಣ್ಣಿನ ತೊಳೆ ಬಿಡಿಸಿ ಕೈ ನೀಡಿದಾಗ ಬಂಡೆಯ ಮೇಲೆ ಮಗುವಿಲ್ಲ. ಕೂಗಿಲ್ಲ, ನೀರು ಚಿಮ್ಮಿದ ಸದ್ದೂ ಇಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಓಡಿಬಂದು ಲಂಗ ಹಿಡಿದೆತ್ತಿದಳು. ನಾನು ಮೂರು ಮಾರು ದೂರದಲ್ಲಿದ್ದೆ.

ಮುಳುಗುವವರು ಕೈ ಬೀಸಿ ಕೂಗುತ್ತಾರೆಂಬುದು ನಾಟಕದ ಮಾತು. ಬಾಯಿ ನೀರಿನಲ್ಲಿರುವಾಗ ಕೂಗಲು ಉಸಿರೆಲ್ಲಿಯದು? ಎಳೆಯ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ. ಮುಗ್ಗರಿಸಿದರೆ ತಲೆಯೇ ಮುಂದಾಗಿ ಬೀಳುತ್ತದೆ, ಮತ್ತೆ ಎತ್ತಿಕೊಳ್ಳಲು ಕತ್ತಿಗೆ ಬಲ ಸಾಲದು. ಗೇಣುದ್ದ ನೀರೂ ಸಾಕು. ಆದುದರಿಂದ 'ಕಣ್ಣಳತೆಯಲ್ಲಿ ಇರಲಿ' ಎನ್ನುವುದು ಸಾಲದು, ಕೈಯಳತೆಯಲ್ಲಿ ಇರಬೇಕು. ಮನೆಮಂದಿ ಎಂಟು ಜನ ಹೋದಾಗ ಒಬ್ಬರು ಇನ್ನೊಬ್ಬರು ನೋಡುತ್ತಿರುವರೆಂದು ತಿಳಿಯುವುದೇ ಹೆಚ್ಚು. ಇಂತಿಷ್ಟು ಹೊತ್ತು ಇಂಥವರದೇ ಕಾವಲೆಂದು ಹೆಸರು ಹಿಡಿದು ಗೊತ್ತುಮಾಡಬೇಕು. ಕಾವಲಿನವರು ಕಿತ್ತಳೆ ಸುಲಿಯಬಾರದು, ಮೊಬೈಲನ್ನಂತೂ ಮುಟ್ಟಲೇಬಾರದು.

ಇನ್ನು ಹೊಳೆಯ ಸ್ವಭಾವ. ಕುಶಾಲನಗರದ ಸುತ್ತ ಮಳೆ ಕಡಿಮೆ. ಕಾವೇರಿ ಹುಟ್ಟುವ ತಲಕಾವೇರಿ, ಭಾಗಮಂಡಲಗಳಲ್ಲಿ ಅದರ ಹಲವು ಪಾಲು ಸುರಿಯುತ್ತದೆ. ಅಲ್ಲಿ ಬಿದ್ದ ನೀರು ನಾಪೋಕ್ಲು, ಸಿದ್ದಾಪುರ, ದುಬಾರೆಗಳನ್ನು ದಾಟಿ ಇಲ್ಲಿಗೆ ಬರಲು ಹಲವು ಗಂಟೆಗಳೇ ಹಿಡಿಯುತ್ತವೆ. ಎಂದರೆ, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ನಿನ್ನೆ ರಾತ್ರಿ ಅಲ್ಲಿ ಸುರಿದ ಮಳೆ ಸದ್ದಿಲ್ಲದೆ ಬಂದು ಸೇರಬಹುದು. 2018 ಮತ್ತು 2019ರ ಆಗಸ್ಟಿನಲ್ಲಿ ಕುಶಾಲನಗರದ ಬಡಾವಣೆಗಳಿಗೇ ನೀರು ನುಗ್ಗಿದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನಿಂದ ಕೆಳಗೆ ಹಾರಂಗಿ ಹೊಳೆ ಕಾವೇರಿಯನ್ನು ಕೂಡುತ್ತದೆ. ಕೂಡಿಗೆ ಎಂಬ ಹೆಸರಿನಲ್ಲೇ ಆ ಕೂಡುವಿಕೆ ಅಡಗಿದೆ. ಅಲ್ಲಿಂದ ಮುಂದಿನ ದಡಗಳಲ್ಲಿ ಹಾರಂಗಿ ಅಣೆಕಟ್ಟಿನಿಂದ ಬಿಡುವ ನೀರಿನ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಹರಿವಿನ ವೇಗ ಇಮ್ಮಡಿಯಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಮಡಿಯಾಗುತ್ತದೆ. ಬೆಳಿಗ್ಗೆ ಮಗು ನಿಂತಿದ್ದ ಜಾಗದಲ್ಲಿಯೇ ಸಂಜೆ ದೊಡ್ಡವರ ಕಾಲೂ ನಿಲ್ಲದಿರುವುದು ಇದರಿಂದ.

ನೀರು ಏರುವುದನ್ನು ಅರಿಯಲು ಒಂದು ಸುಲಭವಾದ ಉಪಾಯವುಂಟು, ಮಕ್ಕಳಿಗೆ ಅದೇ ಆಟವೂ ಆಗುತ್ತದೆ. ಹೋದ ಕೂಡಲೇ ನೀರಿನ ಅಂಚಿಗೆ ಸರಿಯಾಗಿ ದೊಡ್ಡವರು ಒಂದು ಬಿಳಿಯ ಕಲ್ಲನ್ನು ಇಡಬೇಕು. ಕಾಲು ಗಂಟೆಗೊಮ್ಮೆ ಅದು ಎಲ್ಲಿದೆಯೆಂದು ಮಕ್ಕಳು ದೂರದಿಂದಲೇ ನೋಡಿ ಹೇಳಲಿ. ಕಲ್ಲು ನೀರಿನೊಳಗೆ ಸೇರಿದರೆ, ತಿಳಿನೀರು ಕೆಂಪಾದರೆ, ತರಗು ಕಡ್ಡಿಗಳು ತೇಲಿ ಬರತೊಡಗಿದರೆ, ಬುತ್ತಿಯನ್ನು ಅರ್ಧಕ್ಕೇ ಕಟ್ಟಿಕೊಂಡು ಮೇಲೆ ಬರಬೇಕು. ಇಳಿಯಬಾರದೆಂದು ಫಲಕ ಹಾಕಿದ ಕಡೆ ಇಳಿಯಲೇಬಾರದು. ಪಾಚಿಗಟ್ಟಿದ ಬಂಡೆಗಳ ನಡುವಿನ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ.

ಹೋಗುವುದಾದರೆ ಮಳೆಗಾಲ ಪೂರ್ತಿ ಕಳೆದ ಮೇಲೆ, ಡಿಸೆಂಬರಿನಿಂದ ಮಾರ್ಚಿಯೊಳಗೆ ಹೋಗುವುದು ಲೇಸು. ಏಪ್ರಿಲ್, ಮೇ ತಿಂಗಳುಗಳಲ್ಲಿ ನೀರು ಇಳಿದಿದ್ದರೂ ಮಧ್ಯಾಹ್ನದ ಮೇಲೆ ಗುಡುಗುಮಳೆಯ ಭಯವುಂಟು. ಬೆಳಿಗ್ಗೆಯೇ ಹೊರಟರೆ ಬಿಸಿಲೇರುವ ಮೊದಲು ನೀರಾಟ ಮುಗಿಯುತ್ತದೆ. ಮಕ್ಕಳಿಗೆ ಕೆಂಪೋ ಹಳದಿಯೋ ಅಂಗಿ ತೊಡಿಸಿ. ನೀಲಿ, ಹಸಿರು ಬಣ್ಣಗಳು ನೀರಿನಲ್ಲಿ ಕಾಣುವುದಿಲ್ಲ. ಒಣ ಬಟ್ಟೆ ಎರಡು ಜೊತೆ ಇರಲಿ. ಒಂದು ಜೊತೆ ಹೇಗಿದ್ದರೂ ಮೊಲದ ಗೂಡಿನ ಬಳಿಯ ಮಣ್ಣಿಗೆ ಸಲ್ಲುತ್ತದೆ.