ನಿಮಗಿದು ಗೊತ್ತೆ? ಬಂದೂಕಿಗೂ ಬೇಕು ಊರುಗೋಲು

ನಮ್ಮ ಭಾಗದ ಇಂಗಳೇಶ್ವರ ಊರಿನ ಸುತ್ತಿನ ಹೊಲಗಳಲ್ಲಿ ಜೋಳ ಎದೆಮಟ್ಟ ಬೆಳೆದಾಗ ನೆಲದ ಮೇಲೆ ಮಲಗಿದವನಿಗೆ ಏನೂ ಕಾಣದು. ಆಫ್ರಿಕಾದ ಎತ್ತರದ ಹುಲ್ಲಿನಲ್ಲಿ ಬೇಟೆಗಾರನದೂ ಇದೇ ಪಾಡು. ಒರಗಲು ಮರವಿರದಿದ್ದರೆ ನಿಂತೇ ಗುರಿಯಿಡಬೇಕು. ಅದಕ್ಕಾಗಿ ಅಲ್ಲಿನ ಬೇಟೆ ಸಫಾರಿಗಳಲ್ಲಿ ‘ಶೂಟಿಂಗ್ ಸ್ಟಿಕ್ಸ್’ ಜತೆಗಿರುತ್ತವೆ. ಮೂರು ಕೋಲುಗಳನ್ನು ತುದಿಯ ಬಳಿ ರಬ್ಬರ್ ಪಟ್ಟಿಯಿಂದ ಬಿಗಿದು ಕಾಲು ಅಗಲಿಸಿದರೆ ಮೇಲೊಂದು ಕವೆ ಮೂಡುತ್ತದೆ, ಅಷ್ಟೆ.

ಕವೆಯ ಮೇಲೆ ಕೂರಬೇಕಾದ್ದು ನಳಿಗೆಯ ಕೆಳಗಿನ ಮರದ ಹಿಡಿ. ನಳಿಗೆಯೇ ತಾಗಿದರೆ ಗುಂಡು ಬೀಳುವ ಜಾಗ ಬದಲಾಗಬಹುದು. ಎರಡು ಕಾಲಿನದು ಹಗುರ, ಆದರೆ ಹಿಂದೆಮುಂದೆ ಓಲಾಡುತ್ತದೆ. ಮೂರು ಕಾಲಿನದು ವಾಸಿ. ಬಂದೂಕಿನ ಹಿಂಬದಿಗೂ ಆಸರೆ ಕೊಡುವ ನಾಲ್ಕು ಕಾಲಿನದು ಇನ್ನೂ ಗಟ್ಟಿ, ಹೊತ್ತು ತಿರುಗುವುದೇ ತಾಪತ್ರಯ! ಅಂಗಡಿಯಲ್ಲಿ ಕೊಂಡರೆ ಸಾಲದು. ಪ್ರಾಣಿ ಕಾದು ನಿಲ್ಲುವುದಿಲ್ಲವಲ್ಲ, ಕೋಲು ಬಿಡಿಸಿ ಕಣ್ಣಿನ ಎತ್ತರಕ್ಕೆ ಹೊಂದಿಸುವುದನ್ನು ಖಾಲಿ ಬಂದೂಕಿನಲ್ಲೇ ಮತ್ತೆ ಮತ್ತೆ ರೂಢಿಸಿಕೊಳ್ಳಬೇಕು.

ಉಪಾಯ ಹೊಸದೇನಲ್ಲ. 16–17ನೇ ಶತಮಾನದ ಯುರೋಪಿನ ಸೈನಿಕರು ಭಾರದ ಮಸ್ಕೆಟ್‌ಗಳಿಗೆ ಕವೆಗೋಲು ಹೊತ್ತೇ ನಡೆಯುತ್ತಿದ್ದರು.

ನಮ್ಮಲ್ಲಿ ಮಾತ್ರ ಇದರ ಬೇಟೆ ಬಳಕೆಗೆ ಜಾಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧ; ಅದರ ಮೊದಲ ಪಟ್ಟಿಯಲ್ಲೇ ಕೃಷ್ಣಮೃಗವಿದೆ, ಅಂದರೆ ನಮ್ಮ ಭಾಗದವರ ಚಿಗರಿ. ಅದಕ್ಕೆಂದೇ 1974ರಲ್ಲಿ ರಾಣೆಬೆನ್ನೂರಿನಲ್ಲಿ ಅಭಯಾರಣ್ಯವಾಯಿತು. ಇಲ್ಲಿ ಕೋಲು ಊರುವವರು ಛಾಯಾಗ್ರಾಹಕರು. ಉದ್ದ ಲೆನ್ಸ್ ಹೊತ್ತ ಕೈಯೂ ನಡುಗುತ್ತದೆ. ಬೇಟೆ ಬಿಟ್ಟವರು ನಾವಷ್ಟೇ ಅಲ್ಲ, ‘ಸಫಾರಿ’ಗೆ ಹೆಸರಾದ ಕೆನ್ಯಾ ಕೂಡ 1977ರಲ್ಲೇ ಮೋಜಿನ ಬೇಟೆ ನಿಷೇಧಿಸಿತು.