ಹಪ್ಪಳ ಲಟ್ಟಿಸುವವಳೇ ಒಡತಿ

ಹತ್ತು ಮಂದಿ ಹೆಂಗಸರು ಸೇರಿ ಹಪ್ಪಳದ ಉದ್ಯೋಗ ಶುರುಮಾಡೋಣ ಎಂದು ಹೊರಟರೆ ಮೊದಲು ಮಾತು ಬರುವುದು ಯಂತ್ರದ್ದು, ಬ್ಯಾಂಕಿನ ಸಾಲದ್ದು. ಕೂಲಿ ಹೇಗೆ, ಲಾಭ ಯಾರಿಗೆ, ಕೆಟ್ಟ ಹಪ್ಪಳ ತಂದವಳಿಗೆ ಏನು ಹೇಳಬೇಕು ಎಂಬ ಮಾತು ಬರುವುದು ಜಗಳವಾದ ಮೇಲೆ! ನಿಮ್ಮೂರಿನ ಸಂಘದಲ್ಲೂ ಇದನ್ನು ಕಂಡಿದ್ದೀರಲ್ಲವೆ? ದೊಡ್ಡ ಕಂಪನಿಗಳು ಇದಕ್ಕೆ ‘ಮಾನವ ಸಂಪನ್ಮೂಲ ನೀತಿ’ ಎಂದು ಭಾರಿ ಹೆಸರಿಟ್ಟು, ನೋಡಿಕೊಳ್ಳಲು ಬೇರೆ ಅಧಿಕಾರಿಗಳನ್ನೇ ಇಟ್ಟಿರುತ್ತವೆ. ಆದರೆ ಮಣೆ ಲಟ್ಟಣಿಗೆ ಹಿಡಿದ ಕೈಗಳೇ ಅಂಥ ನೀತಿಯೊಂದನ್ನು ಕಟ್ಟಿ ನಡೆಸಿವೆ.

ಲಿಜ್ಜತ್ ಹಪ್ಪಳದ ಹೆಸರು ನೀವು ಕೇಳಿಯೇ ಇರುತ್ತೀರಿ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವ್‌ನಲ್ಲಿ, ತಾವಿದ್ದ ಕಟ್ಟಡದ ತಾರಸಿಯ ಮೇಲೆ ಏಳು ಮಂದಿ ಗುಜರಾತಿ ಗೃಹಿಣಿಯರು ಇದನ್ನು ಆರಂಭಿಸಿದರು. ಬಂಡವಾಳ, ಛಗನ್‌ಲಾಲ್ ಪಾರೇಖ್ ಎಂಬ ಹಿರಿಯರು ಕೊಟ್ಟ 80 ರೂಪಾಯಿ ಸಾಲ. ಮೊದಲ ದಿನ ಆದದ್ದು ನಾಲ್ಕೇ ಪೊಟ್ಟಣ. ಎಷ್ಟೇ ಕಷ್ಟ ಬಂದರೂ ದಾನ ಬೇಡವೆಂದು ಆಗಲೇ ನಿಶ್ಚಯಿಸಿಬಿಟ್ಟರು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಸದಸ್ಯೆಯರು ಈಗ 40 ಸಾವಿರಕ್ಕೂ ಮಿಕ್ಕಿ ಇದ್ದಾರೆ.

ಇಲ್ಲಿ ಯಾರನ್ನೂ ‘ಕೆಲಸಕ್ಕೆ’ ತೆಗೆದುಕೊಳ್ಳುವುದಿಲ್ಲ. ಸಂಸ್ಥೆಯ ಪ್ರತಿಜ್ಞೆಗೆ ಒಪ್ಪಿ ಸೇರಿದ ಹೆಂಗಸು ಆ ದಿನದಿಂದಲೇ ಒಡತಿಯರಲ್ಲಿ ಒಬ್ಬಳು. ಜಾತಿ, ಓದು ಯಾವುದನ್ನೂ ಕೇಳುವುದಿಲ್ಲ. ಹಪ್ಪಳ ಒಣಗಿಸಲು ಮನೆಯಲ್ಲಿ ಚೊಕ್ಕಟವಾದ ಜಾಗ ಉಂಟೇ ಎಂದು ಮಾತ್ರ ನೋಡುತ್ತಾರೆ. ಎಲ್ಲರೂ ಎಲ್ಲರಿಗೂ ‘ಬೆನ್’, ಅಂದರೆ ಅಕ್ಕ-ತಂಗಿ. ಶಾಖೆ ನೋಡಿಕೊಳ್ಳುವ ಸಂಚಾಲಿಕೆಯೂ ಹಪ್ಪಳ ಲಟ್ಟಿಸಿದವಳೇ. ಲೆಕ್ಕ ಬರೆಯಲು, ಗಾಡಿ ಓಡಿಸಲು ಗಂಡಸರು ಇದ್ದಾರೆ. ಆದರೆ ಅವರು ಸಂಬಳದವರು, ಒಡೆತನ ಇಲ್ಲ. ಇದನ್ನು ತಿಳಿದಾಗ ನನಗೆ ಸ್ವಲ್ಪ ನಗು ಬಂತು ಎನ್ನಿ!

ಬೆಳಿಗ್ಗೆ ಶಾಖೆಗೆ ಹೋಗಿ ಕಲಸಿದ ಹಿಟ್ಟನ್ನು ತೂಗಿಸಿಕೊಂಡು ತರಬೇಕು. ಮನೆಯಲ್ಲಿ ಲಟ್ಟಿಸಿ, ಒಣಗಿಸಿ ಮರುದಿನ ಒಯ್ದರೆ ತೂಕ, ಪರೀಕ್ಷೆ, ಕೂಲಿ. ಮಗುವಿಗೆ ಹಾಲು ಕುಡಿಸುತ್ತ, ಅತ್ತೆಗೆ ಔಷಧಿ ಕೊಡುತ್ತ ಮಾಡಬಹುದಾದ ಕೆಲಸ. ಮನೆಯ ಹೊಸಿಲು ದಾಟಲಾಗದವಳ ಕೈಗೂ ತನ್ನದೇ ಎನ್ನುವ ನಾಲ್ಕು ಕಾಸು ಸಿಗುತ್ತದೆ. ಗಂಡನ ಎದುರು ಸಂತೆಯ ದುಡ್ಡಿಗೆ ಕೈಚಾಚುವ ಸಂಕಟ ಗೊತ್ತಿದ್ದವರಿಗೆ ಇದರ ಬೆಲೆಯನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಎಲ್ಲವೂ ಸಕ್ಕರೆಯಲ್ಲ ಅನ್ನಿ. ಲಟ್ಟಿಸಿದಷ್ಟಕ್ಕೇ ಕೂಲಿಯಾದ್ದರಿಂದ ಜ್ವರ ಬಂದು ಮಲಗಿದ ದಿನ ಆ ಕೂಲಿ ಇಲ್ಲ. ಕೂತು ಕೂತು ಸೊಂಟ ಹಿಡಿಯುವುದಂತೂ ನಮಗೆಲ್ಲ ಗೊತ್ತೇ ಇದೆ. ಇನ್ನು ಕೂಲಿ ಅವರವರ ಕೈಚಳಕಕ್ಕೆ ತಕ್ಕಂತೆ ಬಂದರೂ ಲಾಭದ ಪಾಲು ಸರಿಸಮ. ಚುರುಕಾದವಳು ‘ನನಗೂ ಅವಳಿಗೂ ಒಂದೇನಾ?’ ಎಂದು ಗೊಣಗಬಹುದು. ಆದರೆ ನನ್ನ ಕೇಳಿದರೆ ಸಂಸ್ಥೆ ನಿಂತಿರುವುದೇ ಆ ಸಮಪಾಲಿನ ಮೇಲೆ. ಒಬ್ಬಳು ದಪ್ಪ ಹಪ್ಪಳ ತಂದರೆ ಹೆಸರು ಕೆಡುವುದು ಎಲ್ಲರದ್ದು, ನಷ್ಟವೂ ಎಲ್ಲರದ್ದು. ಹಾಗಾಗಿ ತಪ್ಪನ್ನು ತೋರಿಸಲು ಮೇಸ್ತ್ರಿ ಬೇಕಿಲ್ಲ, ಪಕ್ಕದವಳೇ ತೋರಿಸುತ್ತಾಳೆ.

ನಿಮ್ಮ ಸಂಘದವರೂ ಇಂಥ ಉದ್ಯೋಗಕ್ಕೆ ಮನಸ್ಸು ಮಾಡಿದ್ದರೆ ಬ್ಯಾಂಕಿಗೆ ಹೋಗುವ ಮುಂಚೆ ಒಂದು ಮಧ್ಯಾಹ್ನ ಕೂತುಕೊಳ್ಳಿ. ಕೂಲಿ ಎಷ್ಟು, ಯಾವತ್ತು ಕೊಡುವುದು, ಲಾಭ ಹಂಚುವುದು ಹೇಗೆ, ಕೆಟ್ಟ ಮಾಲನ್ನು ಯಾರು ನೋಡಿ ಹೇಳುವುದು, ಬಾಣಂತಿಯಾದವಳ ಜಾಗವನ್ನು ಎಷ್ಟು ತಿಂಗಳು ಕಾದಿರಿಸುವುದು, ಇಷ್ಟನ್ನೂ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ರುಜುವೋ ಹೆಬ್ಬೆಟ್ಟೋ ಹಾಕಿಸಿಕೊಳ್ಳಿ. ತಕ್ಕಡಿಯನ್ನು ಮಾತ್ರ ಎಲ್ಲರ ಕಣ್ಣಿಗೂ ಕಾಣುವಲ್ಲಿ ಇಡಿ.