ಆವಣಿಯ 'ಸ್ಥಾನ': ಶಾಸನದಲ್ಲಿ ಉಳಿದ ಒಂದು ಶೈವಮಠ

ಕೋಲಾರ ಚಿನ್ನದ ಗಣಿ ಹಾಗೂ ಬಂಗಾರಪೇಟೆಯ ಪರಿಸರದಿಂದ ಆವಣಿಗೆ ಹೋಗುವವರಲ್ಲಿ ಹೆಚ್ಚಿನವರು ಅರಸುವುದು ರಾಮಾಯಣವನ್ನು. ಮುಳಬಾಗಿಲು ತಾಲ್ಲೂಕಿನ ಈ ಬೆಟ್ಟದಲ್ಲಿ ವಾಲ್ಮೀಕಿಯ ಆಶ್ರಮವಿತ್ತೆಂದೂ ಲವಕುಶರು ಇಲ್ಲಿಯೇ ಜನಿಸಿದರೆಂದೂ ಸ್ಥಳಪುರಾಣ ಹೇಳುತ್ತದೆ. ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ಬುಡದ ಪ್ರಾಕಾರದಲ್ಲಿ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ದೇವಾಲಯಗಳಿವೆ. ನೊಳಂಬ ಶಿಲ್ಪದ ದೃಷ್ಟಿಯಿಂದ ಇವುಗಳಲ್ಲಿ ಲಕ್ಷ್ಮಣೇಶ್ವರವೇ ಹೆಚ್ಚು ಅಲಂಕೃತವಾದುದು. ಆದರೆ ಈ ದೇವಾಲಯಗಳ ಹಿಂದೆ ಇದ್ದ ಮಠವನ್ನು ಕುರಿತು ಕೇಳುವವರು ವಿರಳ.

ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಈ ಮಠದ ಸುಳಿವು ದೊರೆಯುತ್ತದೆ. 10ನೇ ಶತಮಾನದ ಶಾಸನವೊಂದು ತ್ರಿಭುವನಕರ್ತದೇವನೆಂಬ ಗುರುವನ್ನು ಸ್ಮರಿಸುತ್ತದೆ. ಕಲಿಯುಗರುದ್ರನೆಂದು ಬಿರುದಾಂಕಿತನಾದ ಈತ 40 ವರ್ಷ ಆವಣಿಯ 'ಸ್ಥಾನ'ವನ್ನು ಆಳಿ, 50 ದೇವಾಲಯಗಳನ್ನು ಮಾಡಿಸಿ, ಎರಡು ದೊಡ್ಡ ಕೆರೆಗಳನ್ನು ಕಟ್ಟಿಸಿದನು. ಇಲ್ಲಿ 'ಆಳಿದನು' ಎಂಬ ಅರ್ಥದ ಕ್ರಿಯೆಯನ್ನು ಅರಸನಿಗಲ್ಲ, ಗುರುವಿಗೆ ಬಳಸಿರುವುದು ಗಮನಾರ್ಹ. 'ಸ್ಥಾನ'ವೆಂದರೆ ಕೇವಲ ತಪಸ್ವಿಗಳ ವಸತಿಯಲ್ಲ. ಭೂಮಿ, ಸೇವಕವರ್ಗ, ದಾನ ಹಾಗೂ ಅಧಿಕಾರಗಳನ್ನು ಒಳಗೊಂಡ ಸಂಸ್ಥೆ. ಐವತ್ತು ಎಂಬ ಸಂಖ್ಯೆಯಲ್ಲಿ ಪ್ರಶಸ್ತಿಯ ಉತ್ಪ್ರೇಕ್ಷೆ ಇರಬಹುದು. ಕೆರೆಗಳ ಸಂಖ್ಯೆ ಎರಡೇ ಆಗಿರುವುದರಿಂದ ಆ ಮಾತಿಗೆ ಹೆಚ್ಚಿನ ವಿಶ್ವಾಸಾರ್ಹತೆ ಒದಗುತ್ತದೆ.

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಕೆರೆ ಕಟ್ಟಿಸುವುದು ಪುಣ್ಯಕಾರ್ಯವಾಗಿದ್ದಂತೆಯೇ ಆಡಳಿತಕಾರ್ಯವೂ ಆಗಿತ್ತು. ಸಮೀಪದ ಬೇತಮಂಗಲ ಇದಕ್ಕೆ ಒಳ್ಳೆಯ ನಿದರ್ಶನ. ಹಿಂದೆ ವಿಜಯಾದಿತ್ಯಮಂಗಲವೆನಿಸಿದ್ದ ಆ ಊರಿನ ಒಡೆದ ಕೆರೆಯನ್ನು 10ನೇ ಶತಮಾನದಲ್ಲಿ ಇರಿವ ನೊಳಂಬನು ದುರಸ್ತಿ ಮಾಡಿಸಿದನೆಂದು ಶಾಸನ ತಿಳಿಸುತ್ತದೆ. ಅದೇ ಬೇತಮಂಗಲದಿಂದ 20ನೇ ಶತಮಾನದಲ್ಲಿ ಚಿನ್ನದ ಗಣಿಗಳಿಗೆ ನೀರು ಪೂರೈಕೆಯಾಯಿತು. ಗಣಿಗಳು 2001ರಲ್ಲಿ ಮುಚ್ಚಿದವು. ಅರಸ ಬೇತಮಂಗಲದಲ್ಲಿ ಮಾಡಿದ ಕೆಲಸವನ್ನೇ ಗುರು ಆವಣಿಯಲ್ಲಿ ಮಾಡಿದನೆಂಬುದನ್ನು ಗ್ರಹಿಸಿದರೆ, ಮಠ ಮತ್ತು ಪ್ರಭುತ್ವಗಳ ನಡುವೆ ಇಂದು ಎಳೆಯುವ ಗೆರೆ ಆ ಕಾಲಕ್ಕೆ ಅಷ್ಟಾಗಿ ಹೊಂದುವುದಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಆವಣಿಯಲ್ಲಿ ಶೃಂಗೇರಿ ಪರಂಪರೆಯ ಮಠವೊಂದಿದೆ. ಅದು ಬೇರೆ ಸಂಪ್ರದಾಯಕ್ಕೆ ಸೇರಿದುದು. ತ್ರಿಭುವನಕರ್ತನ ಸ್ಥಾನದೊಡನೆ ಅದನ್ನು ಬೆರೆಸಬಾರದು. ಕ್ಷೇತ್ರಕಾರ್ಯಕ್ಕೆ ವಿದ್ಯಾರ್ಥಿಗಳನ್ನು ಕರೆತರುವ ಅಧ್ಯಾಪಕರು ಸಾಮಾನ್ಯವಾಗಿ ಪ್ರಾಕಾರದ ಶಿಲ್ಪಗಳನ್ನು ತೋರಿಸಿ ಹಿಂತಿರುಗುತ್ತಾರೆ. ಹಳೆಯ ಮಠದ ವ್ಯಾಪ್ತಿ ತಿಳಿಯಬೇಕಾದರೆ ಶಾಸನಪಾಠವನ್ನು ಕೈಯಲ್ಲಿ ಹಿಡಿದು ಪ್ರಾಕಾರದ ಹೊರಗೆ, ಕೆರೆಯ ಏರಿಯವರೆಗೂ ನಡೆಯಬೇಕಾಗುತ್ತದೆ.